ಬ್ಯಾರನ್ ಬಾಗಿಲಲ್ಲಿ ಕೆಮಿಸ್ಟ್ರಿ

ಮೊನ್ನೆ ಪಿರಿಯಾಪಟ್ಟಣದಾಚೆಯ ಕೊಪ್ಪದಲ್ಲಿ ಗೆಳತಿಯೊಬ್ಬಳ ಗೃಹಪ್ರವೇಶವಿತ್ತು. ಮೈಸೂರಿನಿಂದ ಬಸ್ಸು ಹತ್ತಿ, ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿ ಹಿಡಿಯುವಷ್ಟರಲ್ಲಿ ಕಿಟಕಿ ಮುಚ್ಚಿದ್ದರೂ ಆ ವಾಸನೆ ಒಳಗೆ ಬಂತು. ಬೆಲ್ಲದ ಪಾಕ ಚೂರು ಸೀದಂತೆ, ಅದರ ಹಿಂದೆಯೇ ನೆನೆದ ಹುಲ್ಲಿನಂತೆ. ಹೊಗೆಸೊಪ್ಪು ಬೇಯುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ನನಗೆ ಮಾತ್ರ ಅದು ಮೂಗಿಗಿಂತ ಮೊದಲು ಹೊಟ್ಟೆಗೆ ತಿಳಿಯಿತು. ಇಷ್ಟು ವರ್ಷವಾದರೂ, ತಲೆಯಲ್ಲಿ ಬಿಳಿ ಕೂದಲು ಬಂದು, ಲ್ಯಾಬೊಂದರಲ್ಲಿ ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುತ್ತಾ ಹೊಟ್ಟೆ ಹೊರೆಯುತ್ತಿರುವ ನನಗೆ, ಆ ವಾಸನೆ ಬಂದರೆ ನಾಳೆ ಕೆಮಿಸ್ಟ್ರಿ ಪರೀಕ್ಷೆ ಎಂದೇ ಭಯವಾಗುತ್ತದೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು. ನಮ್ಮೂರು ಗಾವಡಗೆರೆ ಹೋಬಳಿಯದು. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಶಾಲೆಗೆ ಮೊದಲಿಗಳೆನ್ನಿಸಿಕೊಂಡ ನನ್ನನ್ನು, ಹುಣಸೂರಿನ ಕಾಲೇಜಿನಲ್ಲಿ ಸೈನ್ಸಿಗೆ ಸೇರಿಸಿದ್ದರು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಉಳಿದವನ್ನು ಹೇಗೋ ಉರು ಹೊಡೆದೆ, ಕೆಮಿಸ್ಟ್ರಿ ಮಾತ್ರ ಉರು ಹೊಡೆದವರನ್ನೇ ಹುಡುಕಿ ಹೊಡೆಯುವ ವಿಷಯ. ಸೆಕೆಂಡ್ ಪಿಯುಸಿಯಲ್ಲಿ ಅದೊಂದರಲ್ಲಿ ಡುಮ್ಕಿ ಹೊಡೆದು ಮನೆಗೆ ಬಂದೆ. ಮಳೆಗಾಲ ಮುಗಿಯುವಷ್ಟರಲ್ಲಿ ಸಪ್ಲಿಮೆಂಟರಿ ಪರೀಕ್ಷೆ. ಅಂದರೆ ಊರಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿಲ್ಲದ ಹೊಗೆಸೊಪ್ಪಿನ ಕಾಲದಲ್ಲೇ.

ನನ್ನ ಡುಮ್ಕಿ ನನ್ನೊಬ್ಬಳದೇ ಆಗಿದ್ದರೆ ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ. ಆ ವರ್ಷವೇ ನಮ್ಮಣ್ಣ ಮಾದೇವನ ಮದುವೆಯಾಗಿ ಸುನಂದತ್ತಿಗೆ ಮನೆಗೆ ಬಂದಿದ್ದರು. ಕೆ.ಆರ್. ನಗರದವರು, ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ ಮಾಡಿದವರು. ಮದುವೆಯ ಮಾತುಕತೆಯ ದಿನ, ಬಿ.ಎಡ್ ಮಾಡಿ ಟೀಚರ್ ಆಗಬೇಕೆಂಬ ಆಸೆ ಅವಳಿಗಿದೆ ಎಂದು ಅವರಪ್ಪ ಹೇಳಿದಾಗ, 'ಓದ್ಲಿ ಬುಡಿ, ಬ್ಯಾಡ ಅನ್ನೋರ್ಯಾರು' ಎಂದಿದ್ದು ನಮ್ಮವ್ವನೇ. ಮದುವೆಯಾದ ಮೇಲೆ ಆ ಮಾತು ನಾಟಿ ಮುಗೀಲಿ ಎಂದು ಮುಂದಕ್ಕೆ ಹೋಯಿತು, ನಾಟಿ ಮುಗಿದ ಮೇಲೆ ಸೊಪ್ಪು ಮುಗೀಲಿ ಎಂದು ಮತ್ತೂ ಮುಂದಕ್ಕೆ ಹೋಯಿತು. ಅವ್ವ ಕೆಟ್ಟವಳಲ್ಲ. ಆದರೆ ನಮ್ಮ ಮನೆಯಲ್ಲಿ ಎರಡು ಕೈ ಕಡಿಮೆಯಾದರೆ ಆ ಎರಡು ಕೈಯ ಕೆಲಸ ತನ್ನ ಕೈಗೇ ಬರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನನ್ನ ರಿಸಲ್ಟು ಬಂದ ದಿನ ಅತ್ತಿಗೆ ಊಟ ಬಡಿಸುತ್ತಾ ಮೆಲ್ಲಗೆ, "ಅತ್ತೆ, ಜಯಂಗೆ ನಾನು ಹೇಳ್ಕೊಡ್ತೀನಿ" ಎಂದರು.

ಅವ್ವ ಸೊಸೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ನನ್ನ ಮುಖದಲ್ಲಿ ಅವಳಿಗೆ ಅಂಥ ಭರವಸೆಯೇನೂ ಕಂಡಿರಲಾರದು. "ಹೇಳ್ಕೊಡು. ಇವಳ್ನ ಪಾಸ್ ಮಾಡ್ಸುಬುಟ್ರೆ ನಿನ್ನ ಬಿ.ಎಡ್ಡಿಗೆ ನಾನೇ ಮುಂದ್ ನಿಂತು ಕಳುಸ್ತೀನಿ. ಆಗ್ನಿಲ್ವಾ, ಆಮೇಲೆ ಆ ಮಾತು ಎತ್ಬ್ಯಾಡ. ಒಪ್ಗೆನಾ?"

"ಒಪ್ಪಿಗೆ ಅತ್ತೆ" ಎಂದುಬಿಟ್ಟರು ಅತ್ತಿಗೆ. ನನ್ನನ್ನು ಯಾರೂ ಕೇಳಲಿಲ್ಲ.

ಪಾಠ ಶುರುವಾದದ್ದು ಸೊಪ್ಪು ಕಟ್ಟುವ ಚಪ್ಪರದಲ್ಲಿ. ಹೊಲದಿಂದ ಮುರಿದು ತಂದ ಹಸಿ ಎಲೆಗಳನ್ನು ಹೆಂಗಸರು ಸಾಲಾಗಿ ಕೂತು ಉದ್ದುದ್ದ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಒಳಗೆ, ನೆಲದಿಂದ ಸೂರಿನವರೆಗೆ ಅಟ್ಟಣಿಗೆಯಂತೆ ಜೋಡಿಸಿ ಬೇಯಿಸುತ್ತಾರೆ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಹೊರಗಿನ ಒಲೆಬಾಯಿಯಲ್ಲಿ ಸೌದೆ ಉರಿದರೆ ಶಾಖ ತಗಡಿನ ಕೊಳವೆಯಲ್ಲಿ ಒಳಗೆಲ್ಲ ಸುತ್ತುತ್ತದೆ. ನಾನು 'ಮೋಲ್' ಎಂಬ ಪದ ಕೇಳಿದರೇ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದೆ. ಆರರ ಮುಂದೆ ಇಪ್ಪತ್ತಮೂರು ಸೊನ್ನೆ ಇಟ್ಟಷ್ಟು ಕಣಗಳು ಸೇರಿ ಒಂದು ಮೋಲ್ ಎಂದರೆ ಯಾರು ನಂಬುತ್ತಾರೆ, ಯಾರು ಎಣಿಸಿದ್ದಾರೆ?

ಅತ್ತಿಗೆ ಕೈಯಲ್ಲಿದ್ದ ಕಡ್ಡಿಯನ್ನೇ ಎತ್ತಿ ಹಿಡಿದರು. "ಈ ಬ್ಯಾರನ್‌ಗೆ ಎಷ್ಟು ಎಲೆ ಹಿಡಿಸುತ್ತೆ ಜಯಾ?"

"ಎಲೆ ಯಾರು ಎಣುಸ್ತಾರೆ ಅತ್ಗೆ? ಎಷ್ಟು ಕಡ್ಡಿ ಅಂತಾರೆ ಅಷ್ಟೇ."

"ಹಾಂ. ಕಣಾನೂ ಯಾರೂ ಎಣಿಸಲ್ಲ, ಎಷ್ಟು ಮೋಲ್ ಅಂತಾರೆ ಅಷ್ಟೇ. ಸರಿ, ಬುಡದ ಎಲೆ ಕಟ್ಟಿದ ಕಡ್ಡಿ, ನಡು ಎಲೆ ಕಟ್ಟಿದ ಕಡ್ಡಿ, ಎರಡರಲ್ಲೂ ಎಲೆ ಲೆಕ್ಕ ಒಂದೇ ಅನ್ಕೊ. ತೂಕ ಒಂದೇನಾ?"

"ಎಲ್ಲಾರಾ ಉಂಟಾ? ನಡು ಎಲೆ ಕಡ್ಡಿ ಎತ್ತುದ್ರೆ ಹೆಗಲು ಬಿದ್ದೋಯ್ತದೆ."

"ಹೈಡ್ರೋಜನ್ ಬುಡದ ಎಲೆ. ಆಕ್ಸಿಜನ್ ನಡು ಎಲೆ. ಲೆಕ್ಕ ಒಂದೇ, ತೂಕ ಬೇರೆ. ಮೋಲ್ ಅಂದ್ರೆ ಕಡ್ಡಿ ಕಣೇ."

ನನಗೆ ನಗು ಬಂತು, ಜೊತೆಗೆ ಸಿಟ್ಟೂ ಬಂತು. ಇಷ್ಟನ್ನು ಹೇಳಲು ಕಾಲೇಜಿನಲ್ಲಿ ಎರಡು ವರ್ಷ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರಲ್ಲ! ಆ ವಾರವೆಲ್ಲ ಬ್ಯಾರನ್ನಿನ ಹೊರಗೋಡೆಯ ಮೇಲೆ ಇದ್ದಿಲಿನಲ್ಲಿ ಲೆಕ್ಕ ಮಾಡಿದೆ. ಇಷ್ಟು ಗ್ರಾಂ ನೀರಿಗೆ ಎಷ್ಟು ಮೋಲ್, ಇಷ್ಟು ಮೋಲ್ ಇದ್ದಿಲು ಉರಿದರೆ ಎಷ್ಟು ಗಾಳಿ. ಗೋಡೆ ತುಂಬಿದ ಮೇಲೆ ಮಳೆಯೇ ಬಂದು ತೊಳೆದುಕೊಡುತ್ತಿತ್ತು. ಅವ್ವ ಅತ್ತ ಹಾದುಹೋಗುವಾಗ ಗೋಡೆಯನ್ನೊಮ್ಮೆ ನೋಡಿ, "ಕಡ್ಡಿ ಕಟ್ರವ್ವ ಮೊದ್ಲು, ಗ್ವಾಡೆ ಆಮೇಲೆ" ಎಂದು ಗೊಣಗುತ್ತಿದ್ದಳು.

ಆ ವರ್ಷ ಅಪ್ಪ ಮೊದಲ ಸಲ ಅಣ್ಣನ ಕೈಗೆ ಬ್ಯಾರನ್ ಕೊಟ್ಟಿದ್ದ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಲೆಬಾಯಿಗೆ ಪೂಜೆ ಮಾಡಿ, ಕಾಯಿ ಒಡೆದು, ಮೊದಲ ಕೊಳ್ಳಿ ಹಿಡಿಸಿದವನೇ ಆ ಬ್ಯಾರನ್ನಿಗೆ ಹೊಣೆ. ಮೊದಲ ಎರಡು ದಿನ ಶಾಖ ಹದವಾಗಿರಬೇಕು, ಎಲೆ ಒಣಗದೆ ಮೆಲ್ಲಗೆ ಹಳದಿಗೆ ತಿರುಗಬೇಕು. ಆಗ ಉರಿ ಹೆಚ್ಚಾದರೆ ಎಲೆಯ ಹಸಿರು ಹಾಗೇ ಕಟ್ಟಿಕೊಂಡು ನಿಂತುಬಿಡುತ್ತದೆ, ಆಮೇಲೆ ಏನು ಮಾಡಿದರೂ ಹಳದಿ ಬಾರದು. ಹಸಿರು ಸೊಪ್ಪನ್ನು ಹರಾಜಿನಲ್ಲಿ ಮೂಸಿಯೂ ನೋಡುವುದಿಲ್ಲ. ಶಾಖ ನೋಡಲು ಬ್ಯಾರನ್ ಗೋಡೆಯಲ್ಲಿ ಅಂಗೈಯಗಲದ ಗಾಜು, ಅದರ ಒಳಗೆ ತೂಗುಹಾಕಿದ ಫ್ಯಾರನ್‌ಹೀಟ್ ಥರ್ಮಾಮೀಟರು. ಗಾಜಿನಿಂದ ನೋಡಿದರೆ ಅಂಕಿಗಳು ಕಾಣುತ್ತಿದ್ದವು, ಪಾದರಸದ ಬುಡ ಕಾಣುತ್ತಿರಲಿಲ್ಲ.

ಮೋಲ್ ಮುಗಿದು ಶಾಖದ ಪಾಠ ಬಂತು. ಯಾವ ಕ್ರಿಯೆ ಶಾಖ ಕೊಡುತ್ತದೆ, ಯಾವುದು ಎಳೆದುಕೊಳ್ಳುತ್ತದೆ ಎಂಬುದು ನನಗೆ ಅದಲುಬದಲಾಗುತ್ತಲೇ ಇತ್ತು. ಅಂದು ಬ್ಯಾರನ್ ತುಂಬಿ ಎರಡನೆಯ ದಿನ. ಅಣ್ಣ ಸೌದೆ ತರಲು ಹೋಗಿದ್ದ, ಉರಿ ನೋಡಿಕೊಳ್ಳಲು ನಾವಿಬ್ಬರು ಒಲೆಯ ಮುಂದೆ ಕೂತಿದ್ದೆವು. ಮೋಡ ಕವಿದು ಮಧ್ಯಾಹ್ನವೇ ಸಂಜೆಯಾದಂತಿತ್ತು.

"ಸೌದೆ ಉರಿದ್ರೆ ಶಾಖ ಹೊರಗೆ ಕೊಡುತ್ತೆ. ಇದು ಒಂದು ಜಾತಿ" ಎಂದರು ಅತ್ತಿಗೆ. "ನೀರು ಆವಿಯಾಗ್ಬೇಕಾದ್ರೆ ಶಾಖ ಬೇಕು. ಪಕ್ಕದಲ್ಲಿ ಯಾರಿದಾರೋ ಅವರಿಂದ ಎಳ್ಕೊಳುತ್ತೆ. ಇದು ಇನ್ನೊಂದು ಜಾತಿ."

"ನಮ್ಮ ನೆಂಟ್ರಂಗೆ" ಎಂದೆ.

ಅವರು ನಗುತ್ತಾ ಎದ್ದು, ಹಳೆ ಸೀರೆಯ ಅಂಚಿನಿಂದ ಒಂದು ಚೂರು ಹರಿದುಕೊಂಡರು. ಗಾಜನ್ನು ಸರಿಸಿ ಕೈಹಾಕಿ, ಥರ್ಮಾಮೀಟರಿನ ಬುಡಕ್ಕೆ ಆ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರು ತುಂಬಿದ ಹಳೆಯ ಟಾನಿಕ್ ಬಾಟಲಿಗೆ ಇಳಿಬಿಟ್ಟು, ಗಾಜಿನ ಕೆಳಗೆ ಗೋಡೆಯೊಳಗಿದ್ದ ಗೂಡಿನಲ್ಲಿಟ್ಟರು. "ಈಗ ನೋಡ್ತಾ ಇರು."

ನೂರರ ಹತ್ತಿರವಿದ್ದ ಪಾದರಸ ನನ್ನ ಕಣ್ಣೆದುರಿಗೇ ಇಳಿಯತೊಡಗಿತು. ಬ್ಯಾರನ್ನಿನ ಶಾಖ ಇದ್ದಷ್ಟೇ ಇತ್ತು. ಬಟ್ಟೆಯ ನೀರು ಆವಿಯಾಗುತ್ತಾ ಪಾದರಸದಿಂದ ಶಾಖ ಕಸಿಯುತ್ತಿತ್ತು. ತೊಂಬತ್ತೈದಕ್ಕಿಂತ ಕೆಳಗೆ ಹೋಗಿ ನಿಂತಿತು. ಆ ಕ್ಷಣ ನನಗಾದ ಸಂತೋಷವನ್ನು ಈಗಲೂ ಹೇಳಬಲ್ಲೆ. ಓದಿದ್ದು ನಿಜ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತ್ತು.

ಅಷ್ಟರಲ್ಲಿ ಮಳೆ ಬಿತ್ತು. ಹನಿ ಗಿನಿ ಎಂಬ ಮುನ್ಸೂಚನೆ ಇಲ್ಲ, ಒಮ್ಮೆಲೇ ಕೊಡ ಮಗುಚಿದಂತೆ. "ಸೊಪ್ಪು, ಸೊಪ್ಪು! ಓಡ್ಬನ್ರೇ!" ಎಂದು ಚಪ್ಪರದಿಂದ ಅವ್ವ ಕೂಗಿದಳು. ಮರುದಿನಕ್ಕೆಂದು ಮುರಿದು ಅಂಗಳದಲ್ಲಿ ಹರವಿದ್ದ ಎಲೆಯೆಲ್ಲ ನೆನೆಯುತ್ತಿತ್ತು. ಇಬ್ಬರೂ ಓಡಿದೆವು. ಎಲೆ ಬಾಚಿ ಒಳಗೆ ಹಾಕಿ, ಸೌದೆಗೆ ತಾಡಪಾಲು ಮುಚ್ಚಿ, ಸೋರುವಲ್ಲಿ ಪಾತ್ರೆಯಿಟ್ಟು, ಒದ್ದೆ ಬಟ್ಟೆ ಬದಲಿಸಿ, ಅಡುಗೆಗೆ ನಿಲ್ಲುವಷ್ಟರಲ್ಲಿ ಕತ್ತಲಾಗಿತ್ತು. ಅಣ್ಣ ಬಂದು ಬ್ಯಾರನ್ ಮುಂದೆ ಕೂತಿದ್ದ. ಆ ಚೂರು ಬಟ್ಟೆ ಅತ್ತಿಗೆಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ.

ಬೆಳಗಿನ ಜಾವ ಅಪ್ಪನ ದನಿಗೆ ಎಚ್ಚರವಾಯಿತು. ಅಪ್ಪ ಕೂಗಾಡುವ ಮನುಷ್ಯನಲ್ಲ. ಹೋಗಿ ನೋಡಿದರೆ ಬ್ಯಾರನ್ ಬಾಗಿಲು ತೆರೆದಿತ್ತು. ಅಪ್ಪನ ಕೈಯಲ್ಲಿ ಒಂದು ಕಡ್ಡಿ. ಹಳದಿಯಾಗಬೇಕಿದ್ದ ಎಲೆಗಳು ಹಸಿರಾಗಿ, ಸುಕ್ಕಾಗಿ, ಹಪ್ಪಳದಂತೆ ಸದ್ದು ಮಾಡುತ್ತಿದ್ದವು.

"ಎಂಗ್ಲಾ ಉರಿ ಹಾಕ್ದೆ ನೀನು? ಮಸಾಣುಕ್ಕೆ ಹಾಕ್ದಂಗೆ ಹಾಕಿದ್ದೀಯಲ್ಲ! ಕಣ್ಣಿರ್ನಿಲ್ವಾ?"

"ಅಪ್ಪೋ, ನಾನ್ ಬಂದಾಗ ತೊಂಬತ್ತೈದೂ ಇರ್ನಿಲ್ಲ. ಆರೋಗ್ತಾ ಅದೆ ಅಂತ ಸೌದೆ ಕೊಟ್ಟೆ. ಎಷ್ಟು ಕೊಟ್ರೂ ಏರ್ನೇ ಇಲ್ಲ. ಈಗ ಇದ್ದಕ್ಕಿದ್ದಂಗೆ ನೂರಾ ಹದಿನೈದು ದಾಟ್ಬುಟ್ಟದೆ. ದೇವ್ರಾಣೆ ಸುಳ್ಳಲ್ಲ." ಅಣ್ಣ ಕಣ್ಣೊರೆಸಿಕೊಂಡ. ಆ ಗಟ್ಟಿ ಮನುಷ್ಯ ಅಳುವುದನ್ನು ನಾನು ಅವತ್ತೇ ಮೊದಲು ಕಂಡದ್ದು.

"ಥರ್ಮಾಮೀಟ್ರು ಸುಳ್ಳೇಳ್ತದಾ? ಸುಳ್ಳೇಳೋನು ನೀನು. ಮಲೀಕೊಂಡಿದ್ದೀಯ."

ಆ ಬಟ್ಟೆ ನನಗೆ ಆಗ ನೆನಪಾಯಿತು. ಅತ್ತಿಗೆಯ ಕಡೆ ನೋಡಿದೆ. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು. ಅವರು ಗೂಡಿನ ಹತ್ತಿರವೇ ನಿಂತಿದ್ದರು. ಬಟ್ಟೆಯನ್ನು ಬಿಚ್ಚಿ ಸೆರಗಿನಲ್ಲಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೈಗುಳ ಗಂಡನ ಪಾಲಿಗಿರುತ್ತಿತ್ತು, ಬಿ.ಎಡ್ ಅವರ ಪಾಲಿಗಿರುತ್ತಿತ್ತು. ಮನಸ್ಸಿನಲ್ಲಿ, ತೆಗೆದು ಮುಚ್ಚಿಡಿ ಅತ್ತಿಗೆ, ತೆಗೆದು ಮುಚ್ಚಿಡಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವರು ಕೈಹಾಕಿ, ಒಣಗಿ ಬುಡಕ್ಕಂಟಿದ್ದ ಬಟ್ಟೆಯನ್ನು ಬಿಡಿಸಿ, ಖಾಲಿ ಬಾಟಲಿಯ ಸಮೇತ ತಂದು ಅಪ್ಪನ ಮುಂದೆ ಇಟ್ಟರು.

"ಅವರದ್ದೇನೂ ತಪ್ಪಿಲ್ಲ ಮಾವ. ಜಯಂಗೆ ತೋರಿಸೋಕೆ ಇದನ್ನ ನಾನು ಕಟ್ಟಿದ್ದೆ. ಒದ್ದೆ ಇರೋವರೆಗೂ ಶಾಖ ಕಡಿಮೆ ತೋರಿಸುತ್ತೆ. ಮಳೇಲಿ ಬಿಚ್ಚೋದು ಮರೆತೆ. ರಾತ್ರಿ ನೀರು ಆರಿದ ಮೇಲೆ ಇದ್ದಿದ್ದು ತೋರಿಸಿದೆ."

ಅಪ್ಪ ಕಡ್ಡಿಯನ್ನು ಗೋಡೆಗೆ ಒರಗಿಸಿ ಹೊಲದ ಕಡೆ ಹೊರಟುಹೋದ. ಅವ್ವ ಆ ಬಟ್ಟೆಯ ಚೂರನ್ನು ಎತ್ತಿಕೊಂಡು ಒಲೆಬಾಯಿಗೆ ಎಸೆದಳು. "ನಿನ್ನ ಬಿ.ಎಡ್ಡೂ ಇದ್ರ ಜೊತ್ಗೇ ಓಯ್ತು ಅಂತ ತಿಳ್ಕೊ" ಎಂದಳು. "ಇನ್ನು ಪುಸ್ತಕ ಅಂತ ಇಬ್ರೂ ಒಂದ್ ಕಡೆ ಕುಂತುದ್ದ ಕಂಡ್ರೆ ನಾನು ಸುಮ್ಕಿರಕಿಲ್ಲ."

ಆಮೇಲಿನ ದಿನಗಳಲ್ಲಿ ಪಾಠ ನಿಂತಿತು. ಅತ್ತಿಗೆ ನೀರು ಸೇದುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದರು, ಸೊಪ್ಪು ಕಟ್ಟುತ್ತಿದ್ದರು. ಅಣ್ಣ ಅವರ ಹಿಂದೆ ಮುಂದೆ ಸುತ್ತುತ್ತಿದ್ದ. ಪರೀಕ್ಷೆ ಮುಂದಿನ ವಾರ. ನನಗೆ ಬಾರದ ದೊಡ್ಡ ಪಾಠ ಇನ್ನೂ ಬಾಕಿಯಿತ್ತು. ಸಮತೋಲನ. ಕ್ರಿಯೆ ಎರಡೂ ಕಡೆಗೆ ನಡೆಯುತ್ತದೆ ಎನ್ನಲು ಎರಡು ಬಾಣ, ಒಂದು ಅತ್ತ, ಒಂದು ಇತ್ತ. ಅದಿಲ್ಲದೆ ಪಾಸಾಗುವುದು ಕನಸಿನ ಮಾತು. ಒಬ್ಬಳೇ ಪುಸ್ತಕ ಹಿಡಿದು ಕೂತರೆ ಅಕ್ಷರ ಕಾಣುತ್ತಿರಲಿಲ್ಲ, ಅತ್ತಿಗೆಯ ಮುಖ ಕಾಣುತ್ತಿತ್ತು. ನಾನು ಪಾಸಾದರೂ ಅವರಿಗೆ ಏನೂ ಸಿಗದು, ಫೇಲಾದರಂತೂ ಅವರು ಹೇಳಿಕೊಟ್ಟದ್ದೂ ದಂಡ. ಅಷ್ಟು ಒಂಟಿತನ ನನಗೆ ಮತ್ತೆಂದೂ ಆಗಿಲ್ಲ.

ಒಂದು ಮಧ್ಯಾಹ್ನ ಚಪ್ಪರದಲ್ಲಿ ಎರಡೂ ಕೆಲಸ ಒಟ್ಟಿಗೇ ನಡೆದಿತ್ತು. ಒಂದು ಸಾಲಿನವರು ಹಸಿ ಎಲೆ ಕಟ್ಟುತ್ತಿದ್ದರು. ಎದುರು ಸಾಲಿನವರು, ಬೇಯಿಸಿ ಇಳಿಸಿದ ಕಡ್ಡಿಗಳಿಂದ ಎಲೆ ಬಿಚ್ಚಿ ಬರಿ ಕಡ್ಡಿಗಳನ್ನು ನಡುವಿನ ರಾಶಿಗೆ ಎಸೆಯುತ್ತಿದ್ದರು. ಅದೇ ರಾಶಿಯಿಂದ ಕಟ್ಟುವವರು ಕಡ್ಡಿ ಎತ್ತಿಕೊಳ್ಳುತ್ತಿದ್ದರು. ಅವ್ವ ಬಿಚ್ಚುವ ಸಾಲಿನಲ್ಲಿ, ನಾನೂ ಅತ್ತಿಗೆಯೂ ಕಟ್ಟುವ ಸಾಲಿನಲ್ಲಿ. ಪುಸ್ತಕವಿರಲಿಲ್ಲ, ಇದ್ದಿಲೂ ಇರಲಿಲ್ಲ. ಕೈ ನಿಲ್ಲಿಸದೆ, ತಲೆಯೆತ್ತದೆ, ಅತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು.

"ಜಯಾ, ಬೆಳಗಿಂದ ಆ ಬರಿ ಕಡ್ಡಿ ರಾಶಿ ಹೆಚ್ಚಾಯ್ತಾ, ಕಡಿಮೆಯಾಯ್ತಾ?"

ಅವ್ವನ ಕಡೆ ನೋಡದೆ, "ಇದ್ದಂಗೇ ಅದೆ" ಎಂದೆ.

"ಕೆಲಸ ನಿಂತಿದೆಯಾ?"

"ಇಲ್ಲ. ಬಿಚ್ಚೋರು ಬಿಚ್ತಾವ್ರೆ, ಕಟ್ಟೋರು ಕಟ್ತಾವ್ರೆ."

"ಎರಡು ಕಡೆ ಕೈನೂ ಒಂದೇ ವೇಗ. ದೂರದಿಂದ ನೋಡಿದೋರಿಗೆ ರಾಶಿ ನಿಂತ ಹಾಗೆ ಕಾಣುತ್ತೆ. ನಿಂತಿಲ್ಲ. ಇದೇ ಸಮತೋಲನ. ಎರಡು ಬಾಣ ಅಂದ್ರೆ ಈ ಎರಡು ಸಾಲು."

ಚಪ್ಪರದಲ್ಲಿ ಹೆಂಗಸರು ಕೈ ನಿಲ್ಲಿಸಿ ಅವ್ವನನ್ನೇ ನೋಡುತ್ತಿದ್ದರು. ಇನ್ನೇನು ಸಿಡಿಲು ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವ್ವ ಒಂದು ಕಡ್ಡಿ ಬಿಚ್ಚಿ ಮುಗಿಸಿ ರಾಶಿಗೆ ಎಸೆದಳು. ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಯಾರನ್ನೂ ನೋಡದೆ ಕೇಳಿದಳು. "ಪಕ್ಕದ್ ಮನೆಯಿಂದ ಒಂದ್ ಹೊರೆ ಬರಿ ಕಡ್ಡಿ ತಂದು ಇದುಕ್ಕೆ ಸುರುದ್ರೆ?"

ಅತ್ತಿಗೆಯ ಕೈಯಿಂದ ದಾರ ಜಾರಿತು. ಸಾವರಿಸಿಕೊಂಡು ಹೇಳಿದರು. "ಆಗ ಕಟ್ಟೋರ ಕೈ ಜೋರಾಗುತ್ತೆ ಅತ್ತೆ. ರಾಶಿ ಕರಗುತ್ತೆ, ಕಟ್ಟಿದ ಕಡ್ಡಿ ಹೆಚ್ಚಾಗುತ್ತೆ. ಅವು ಹೆಚ್ಚಾದ ಹಾಗೆ ಬಿಚ್ಚೋರಿಗೂ ಕೆಲಸ ಹೆಚ್ಚುತ್ತೆ. ಕೊನೆಗೆ ಮತ್ತೆ ಎರಡೂ ಕಡೆ ಸಮ ಆಗುತ್ತೆ. ಎಲ್ಲಿ ಭಾರ ಹೆಚ್ಚಾಯ್ತೋ, ಅದನ್ನ ಕಡಿಮೆ ಮಾಡೋ ಕಡೆಗೇ ಅದು ವಾಲೋದು."

"ಹೂಂ" ಎಂದಳು ಅವ್ವ. ಅಷ್ಟೇ. ಆದರೆ ಮರುದಿನವೂ, ಅದರ ಮರುದಿನವೂ ಕಟ್ಟುವ ಸಾಲಿನಲ್ಲಿ ಪಾಠ ನಡೆಯಿತು, ಅವ್ವ ಕೇಳದವಳಂತೆ ಕೇಳುತ್ತಾ ಕೂತಿದ್ದಳು.

ಪರೀಕ್ಷೆಯ ಬೆಳಿಗ್ಗೆ ಅಣ್ಣ ಹುಣಸೂರಿಗೆ ಕರೆದುಕೊಂಡು ಹೋದ. ದಾರಿಯಲ್ಲಿ ಒಂದೇ ಒಂದು ಮಾತಾಡಿದ. "ಜಯಾ, ಅವ್ಳು ನನ್ ಮಾನ ಉಳುಸ್ದೋಳು ಕಣಮ್ಮಿ. ಬರೀ, ಚೆನ್ನಾಗಿ ಬರೀ." ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ಏನೂ ಕಾಣಲಿಲ್ಲ. ನನ್ನ ಬೆರಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಹಸಿ ಎಲೆ ಕಟ್ಟಿದವರ ಕೈಗೆ ಟಾರಿನಂತೆ ಹತ್ತುವ ಆ ಅಂಟು ಸೋಪಿಗೆ ಜಗ್ಗುವುದಿಲ್ಲ. ಉತ್ತರಪತ್ರಿಕೆಯ ಪ್ರತಿ ಹಾಳೆಯ ಮೇಲೂ ನನ್ನ ಹೆಬ್ಬೆಟ್ಟಿನ ಗುರುತು ಬಿತ್ತು. ಮೋಲಿನ ಲೆಕ್ಕದಲ್ಲಿ ಒಮ್ಮೆ ಸಿಕ್ಕಿಬಿದ್ದು, ಬೆವೆತು, ಹೊಡೆದುಹಾಕಿ, ಕಡ್ಡಿ ಎಷ್ಟು, ಕಡ್ಡಿಯ ತೂಕ ಎಷ್ಟು ಎಂದು ಮೊದಲಿನಿಂದ ಮಾಡಿದೆ. ಸಮತೋಲನದ ಪ್ರಶ್ನೆಗೆ ಬಂದಾಗ ಚಪ್ಪರದ ಎರಡು ಸಾಲೂ ಕಣ್ಣ ಮುಂದೆ ಬಂದವು. ಇಂಗ್ಲಿಷು ಒರಟಾಗಿತ್ತು, ಆದರೆ ಬರೆದದ್ದು ನನ್ನದಾಗಿತ್ತು.

ರಿಸಲ್ಟು ಬರುವ ಹೊತ್ತಿಗೆ ಹೊಲದಲ್ಲಿ ತುದಿ ಎಲೆ ಮಾತ್ರ ಉಳಿದಿತ್ತು. ಎಲ್ಲಕ್ಕಿಂತ ಅಂಟು ಹೆಚ್ಚು ಆ ಎಲೆಗೇ. ಆ ವರ್ಷ ಬಿ.ಎಡ್ ಸೇರುವ ದಿನಗಳು ಇನ್ನೂ ಮುಗಿದಿಲ್ಲ ಎಂದು ಅತ್ತಿಗೆಯ ತಮ್ಮ ಬಂದು ಹೇಳಿಹೋಗಿದ್ದ. ಅದನ್ನು ಅವ್ವನೆದುರು ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾಲೇಜಿನ ಬೋರ್ಡಿನಲ್ಲಿ ನನ್ನ ನಂಬರು ಕಂಡವಳೇ ಬಸ್ಸು ಹತ್ತಿ, ಊರಲ್ಲಿ ಇಳಿದು ಮನೆಯವರೆಗೂ ಓಡಿದೆ. ಚಪ್ಪರದಲ್ಲಿ ಅವ್ವ, ಅತ್ತಿಗೆ ಇಬ್ಬರೇ ಕೂತು ಕಟ್ಟುತ್ತಿದ್ದರು.

"ಏನಾಯ್ತಮ್ಮಿ?" ಎಂದಳು ಅವ್ವ.

"ಪಾಸು."

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಅವ್ವ ಕೈಯಲ್ಲಿದ್ದ ಎಲೆ ಕಟ್ಟಿ ಮುಗಿಸಿ, ಗಂಟು ಬಿಗಿದು, ಸೊಸೆಯ ಕಡೆ ತಿರುಗಿದಳು. "ನಾಳಿಂದ ನೀನು ಸೊಪ್ಪು ಕಟ್ಟಕ್ಕೆ ಬರಬ್ಯಾಡ."

ಅತ್ತಿಗೆಯ ಮುಖ ಇಳಿದುಹೋಯಿತು. ಇನ್ನೂ ಸಿಟ್ಟು ಹೋಗಿಲ್ಲ ಎಂದುಕೊಂಡರು ಪಾಪ, ನಾನೂ ಹಾಗೇ ಅಂದುಕೊಂಡೆ. ಅವ್ವ ಎದ್ದು ಒಳಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಹುಣಸೆಹಣ್ಣಿನ ಉಂಡೆ, ಇನ್ನೊಂದರಲ್ಲಿ ಬಿಸಿನೀರಿನ ತಂಬಿಗೆ. ಅತ್ತಿಗೆಯ ಎದುರು ಕುಕ್ಕರುಗಾಲಲ್ಲಿ ಕೂತು ಅವರ ಎರಡೂ ಕೈ ಎಳೆದುಕೊಂಡಳು.

"ಈ ಕರೀ ಕೈ ಹೊತ್ಕೊಂಡು ಮೈಸೂರ್ಗೆ ಓದಕ್ಕೋದ್ರೆ ಅಲ್ಲಿರೋರು ಏನಂದಾರು? ಕೊಡಿಲ್ಲಿ" ಎಂದು ಹುಣಸೆಹಣ್ಣು ಹಚ್ಚಿ ಬೆರಳು ಬೆರಳನ್ನೂ ತಿಕ್ಕತೊಡಗಿದಳು. ಕಪ್ಪು ನೀರು ಇಬ್ಬರ ಮೊಣಕೈವರೆಗೂ ಇಳಿಯಿತು. ಅತ್ತಿಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನಿಮ್ಮ ಕೈದೂ ಹಾಗೇ ಇದೆ ಅತ್ತೆ, ಕೊಡಿ, ನಾನು ತಿಕ್ತೀನಿ" ಎಂದರು ಅತ್ತಿಗೆ.

ಅವ್ವ ತನ್ನ ಅಂಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು.

"ನನ್ ಕೈದು ಇನ್ನು ಓಗಕಿಲ್ಲ ಬುಡು" ಎಂದಳು. "ನಿಂದು ಓಗ್ಲಿ."